ಒಂದು ಕಾಲು ಹೊರಗೆ, ಒಂದು ಕಾಲು ಒಳಗೆ: ಆಯಿಯ ಮೊಣಕಾಲು ಗಂಟಿನ ಆಪರೇಷನ್ ಬಗ್ಗೆ ಗೊತ್ತಿದ್ದವರು ಹೇಳಿ

ತೋಟದಮನೆ ಶಿರಸಿ:
ಎಲ್ಲರಿಗೂ ನಮಸ್ಕಾರ. ನಮ್ಮನೆ ಶಿರಸಿ ಪೇಟೆಯಿಂದ ಹದಿನೆಂಟು ಕಿಲೋಮೀಟರ್ ಒಳಗೆ. ಆಯಿಗೆ, ಅಂದ್ರೆ ನಮ್ಮ ಅಮ್ಮನಿಗೆ, 66 ವರ್ಷ. ಗಂಟು ನೋವು ಶುರುವಾಗಿ ಹತ್ತು ವರ್ಷದ ಮೇಲಾಯ್ತು, ಆದ್ರೆ ಈ ಮೂರ್ನಾಲ್ಕು ವರ್ಷದಲ್ಲಿ ಕಾಲಿನ ಆಕಾರನೇ ಬದಲಾಗಿಬಿಟ್ಟಿದೆ. ಬಲಗಾಲು ಮೊಣಕಾಲಿನ ಹತ್ರ ಬಿಲ್ಲಿನ ಹಾಗೆ ಹೊರಗೆ ಬಾಗಿದೆ. ಎಡಗಾಲು ಅದರ ಉಲ್ಟಾ, ಮೊಣಕಾಲು ಒಳಗೆ ವಾಲಿ ಪಾದ ಹೊರಗೆ ಹೋಗಿದೆ. ಎದುರಿಂದ ನೋಡಿದ್ರೆ ಗಾಳಿಗೆ ಅಡಿಕೆ ಮರ ವಾಲಿದ ಹಾಗೆ ಎರಡೂ ಕಾಲು ಒಂದೇ ಕಡೆ ವಾಲಿ ಕಾಣ್ತದೆ. ಎಡಗಾಲು ಪೂರ್ತಿ ನೆಟ್ಟಗೂ ಆಗೋದಿಲ್ಲ, ಮಲಗಿದಾಗ ಮೊಣಕಾಲಿನ ಅಡಿಗೆ ನನ್ನ ಮುಷ್ಟಿ ಹೋಗುವಷ್ಟು ಜಾಗ ಇರ್ತದೆ.

ಮನೆಯಿಂದ ತೋಟಕ್ಕೆ ಇಳಿಯೋಕೆ ಮೂವತ್ತೆರಡು ಮೆಟ್ಟಿಲು. ಕೊನೆಕೊಯ್ಲು ಬಂತು ಅಂದ್ರೆ ರಾತ್ರಿ ಹನ್ನೊಂದರವರೆಗೂ ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿದವಳು, ಎರಡು ವರ್ಷದಿಂದ ತೋಟದ ಮುಖ ನೋಡಿಲ್ಲ. ಈಗ ಬಚ್ಚಲಿಗೆ ಹೋಗೋದಕ್ಕೂ ಗೋಡೆ ಹಿಡಿಬೇಕು.

ಇಬ್ರು ಡಾಕ್ಟ್ರಿಗೆ ತೋರಿಸಿದ್ವಿ. ಹುಬ್ಬಳ್ಳಿ ಕಡೆಯವ್ರು ಎರಡೂ ಕಾಲು ಒಂದೇ ದಿನ ಮಾಡ್ತೇವೆ, ಮಾಮೂಲಿ ಇಂಪ್ಲಾಂಟ್ (ಒಳಗೆ ಕೂರಿಸೋ ಕೃತಕ ಗಂಟು) ಸಾಕು, ಐದನೇ ದಿನ ಮನೆಗೆ ಅಂದ್ರು. ಕೆಳಗೆ ಉಡುಪಿ ಕಡೆಯವ್ರು ಒಂದೊಂದಾಗಿ ಮಾಡೋಣ, ಎಡಗಾಲಿಗೆ ಉದ್ದ ಕಡ್ಡಿ ಇರೋ ಬೇರೆ ಥರದ ಇಂಪ್ಲಾಂಟ್ ಬೇಕಾಗಬಹುದು, ಬೇಕೋ ಬೇಡವೋ ಅನ್ನೋದು ಟೇಬಲ್ ಮೇಲೆ ನೋಡಿಯೇ ಗೊತ್ತಾಗೋದು ಅಂತಾರೆ. ಖರ್ಚೂ ಜಾಸ್ತಿ. ಒಂದೇ ಕಾಲು ಒಂದೇ ಎಕ್ಸ್‌ರೇ, ಇಷ್ಟು ವ್ಯತ್ಯಾಸ ಹೇಗೆ? ಯಾರನ್ನ ನಂಬೋದು? ರಾತ್ರಿ ನಿದ್ದೆ ಬರ್ತಾ ಇಲ್ಲ.

ಯಲ್ಲಾಪುರ ಹುಡುಗ:
ಎರಡನೇ ಡಾಕ್ಟ್ರು. ಯೋಚನೆನೇ ಬೇಡ.

ಸಿದ್ದಾಪುರ ಸೀಮೆ:
ನನ್ನ ಪ್ರಕಾರ ಎರಡೂ ಬೇಡ. 66ಕ್ಕೆ ಕಾಲು ಕೊಯ್ಸಿಕೊಂಡು ಮಲಗಿದವರು ಏಳದೇ ಇದ್ದದ್ದು ನಮ್ಮೂರಲ್ಲೇ ಇಬ್ರು ಇದಾರೆ. ನಮ್ಮ ದೊಡ್ಡಮ್ಮನಿಗೆ ನಾಟಿ ವೈದ್ಯರು ಎಣ್ಣೆ ಕೊಟ್ಟು ನಲವತ್ತೆಂಟು ದಿನ ಪಟ್ಟು ಕಟ್ಟಿಸಿದ್ರು, ನೋವು ಅರ್ಧಕ್ಕರ್ಧ ಹೋಯ್ತು. ಈಗ ಸೊಸೈಟಿಗೂ ನಡೆದೇ ಹೋಗ್ತಾರೆ.

ಅಘನಾಶಿನಿ ದಡ:
ನೋವು ಹೋಗಿರಬಹುದು ಅಣ್ಣ, ಕಾಲು ನೆಟ್ಟಗಾಯ್ತಾ? ಪ್ರಶ್ನೆ ಅದು. ನಮ್ಮ ಅತ್ತೆಗೂ ಇದೇ ಒಳಗೆ ವಾಲೋ ಕಾಲು. ನಾವೂ ಎಣ್ಣೆ, ಸೊಪ್ಪು, ಪಟ್ಟು ಅಂತ ಆರು ವರ್ಷ ಕಳೆದ್ವಿ, ಆಮೇಲೆ ಪ್ಲೇಟ್ಲೆಟ್ ಇಂಜೆಕ್ಷನ್ ಅಂತ ಮೂರು ಹಾಕಿಸಿದ್ವಿ. ದುಡ್ಡು ಹೋದದ್ದಕ್ಕೆ ಬೇಜಾರಿಲ್ಲ, ಆ ಆರು ವರ್ಷದಲ್ಲಿ ಕಾಲು ಇನ್ನಷ್ಟು ಸೊಟ್ಟ ಆಗಿ ಕೊನೆಗೆ ಆಪರೇಷನ್ನೇ ಕಷ್ಟದ್ದಾಯ್ತು. ಆ ಡಾಕ್ಟ್ರು ಎಕ್ಸ್‌ರೇ ನೋಡಿ ಮೊದಲು ಕೇಳಿದ್ದೇ "ಇಷ್ಟು ದಿನ ಎಲ್ಲಿದ್ರಿ" ಅಂತ.

ಎಲುಬು ಕೀಲು:
ನಾನು ಕುಮಟಾದವನು, ಈಗ ಎಲುಬು ಕೀಲು ವಿಭಾಗದಲ್ಲಿ ಪಿಜಿ ಮಾಡ್ತಿದೇನೆ. ಪೇಷಂಟ್ ನೋಡದೆ ಇಂಥದ್ದೇ ಮಾಡಿಸಿ ಅಂತ ಹೇಳೋದು ತಪ್ಪಾಗ್ತದೆ. ಆದ್ರೆ ಇಬ್ರು ಯಾಕೆ ಬೇರೆ ಬೇರೆ ಹೇಳಿರಬಹುದು ಅನ್ನೋದನ್ನ ಹೇಳ್ತೇನೆ, ಸ್ವಲ್ಪ ಉದ್ದ ಆಗ್ತದೆ.

ಬಲಗಾಲಿನದ್ದಕ್ಕೆ ವೇರಸ್ ಅಂತೇವೆ. ನಮ್ಮ ಜನರಲ್ಲಿ ಗಂಟು ಸವೆದವರದ್ದು ಹೆಚ್ಚಾಗಿ ಇದೇ, ಒಳಬದಿಯ ಮೆತ್ತೆ ಸವೆದು ಎಲುಬಿಗೆ ಎಲುಬು ತಾಗಿ ಕಾಲು ಹೊರಗೆ ಬಿಲ್ಲಾಗ್ತದೆ. ಎಡಗಾಲಿನದ್ದು ವ್ಯಾಲ್ಗಸ್, ಹೊರಬದಿ ಸವೆದದ್ದು, ಇದು ಕಮ್ಮಿ. ಒಬ್ಬರಿಗೇ ಎರಡೂ ಇದ್ರೆ ಗಾಳಿಗೆ ವಾಲಿದ ಕಾಲು ಅಂತನೇ ಪುಸ್ತಕದಲ್ಲೂ ಹೆಸರಿದೆ, ನೀವು ನೋಡಿಯೇ ಹೇಳಿದ್ರಿ.

ಕಾಲು ಬಹಳ ವರ್ಷ ಸೊಟ್ಟ ಇದ್ರೆ ಎಲುಬು ಒಂದೇ ಕೆಡೋದಲ್ಲ. ಸವೆದ ಬದಿಯ ಲಿಗಮೆಂಟ್, ಅಂದ್ರೆ ಎಲುಬಿಗೆ ಎಲುಬು ಕಟ್ಟಿ ಹಿಡಿಯೋ ಗಟ್ಟಿ ಪಟ್ಟಿ, ಗಿಡ್ಡ ಆಗಿ ಬಿಗಿತದೆ, ಎದುರು ಬದಿಯದ್ದು ಎಳೆದು ಎಳೆದು ಸಡಿಲ ಆಗ್ತದೆ. ಚೌಕಟ್ಟೇ ವಾಲಿದ ಮನೆಗೆ ಹೊಸ ಬಾಗಿಲು ಮಾಡಿಸಿ ತಂದ್ರೆ ಕೂರೋದಿಲ್ಲ ನೋಡಿ, ಹಾಗೆ. ಅದಕ್ಕೆ ಸೊಟ್ಟ ಕಾಲಿನ ಆಪರೇಷನ್ನಿನಲ್ಲಿ ಲೋಹದ ಭಾಗ ಕೂರಿಸೋದು ಅರ್ಧ ಕೆಲಸ, ಬಿಗಿದದ್ದನ್ನ ಸಡಿಲ ಮಾಡಿ ಎರಡೂ ಬದಿ ಸಮ ತರೋದು ಇನ್ನರ್ಧ. ಅಂಚಿನಲ್ಲಿ ಎಲುಬಿನ ಮುಳ್ಳು ಬೆಳೆದಿರ್ತದೆ, ಅದನ್ನ ತೆಗೆದ್ರೇ ಎಷ್ಟೋ ಬಿಗಿತ ಬಿಡ್ತದೆ. ಅಷ್ಟಕ್ಕೂ ಬಿಡದಿದ್ರೆ ಲಿಗಮೆಂಟನ್ನ ಸ್ವಲ್ಪ ಸ್ವಲ್ಪವೇ ಬಿಡಿಸ್ತಾ ಹೋಗ್ತಾರೆ. ಕಾಲು ನೆಟ್ಟಗಿಟ್ಟಾಗಲೂ 90 ಡಿಗ್ರಿ ಮಡಚಿದಾಗಲೂ ಎರಡೂ ಕಡೆ ಒಂದೇ ಅಳತೆ ಜಾಗ ಬರಬೇಕು.

ಎಡಗಾಲಿನಲ್ಲಿ ಒಳಬದಿ ಲಿಗಮೆಂಟ್ ಎಷ್ಟು ಉಳಿದಿದೆ ಅನ್ನೋದೇ ಮುಖ್ಯ ಪ್ರಶ್ನೆ. ಅದು ಕೆಲಸಕ್ಕೆ ಬಾರದಷ್ಟು ಸಡಿಲ ಆಗಿದ್ರೆ ಮಾಮೂಲಿ ಇಂಪ್ಲಾಂಟ್ ಹಾಕಿದ್ರೂ ನಡೆಯುವಾಗ ಅಲ್ಲಾಡ್ತದೆ. ಆಗ ನಡುವಿನ ಗೂಟ ಎತ್ತರ ಇರೋದು, ಎಲುಬಿನ ಒಳಗೆ ಕಡ್ಡಿ ಹೋಗೋದು ಬೇಕಾಗ್ತದೆ. ಟೇಬಲ್ ಮೇಲೆ ನೋಡಿ ಹೇಳ್ತೇನೆ ಅಂದದ್ದು ದುಡ್ಡು ಹೊಡೆಯೋಕೆ ಅಂತ ತಿಳಿಬೇಡಿ, ಎರಡೂ ಸೆಟ್ ತರಿಸಿಟ್ಟುಕೊಂಡು ಒಳಗೆ ಹೋಗೋರು ಜವಾಬ್ದಾರಿಯವರು.

ಸದಾಶಿವಗಡ:
ಹಾಗಿದ್ರೆ ಎಲ್ಲರಿಗೂ ಆ ಕಡ್ಡಿಯದ್ದೇ ಹಾಕಬಹುದಲ್ಲ, ಗಟ್ಟಿ ಇದ್ದದ್ದು ಒಳ್ಳೇದಲ್ವಾ?

ಎಲುಬು ಕೀಲು:
ಅಲ್ಲ. ಲಿಗಮೆಂಟ್ ಹೊರಬೇಕಾದ ಒತ್ತಡವನ್ನ ಇಂಪ್ಲಾಂಟೇ ಹೊತ್ತರೆ ಅದು ಸಿಮೆಂಟಿಗೂ ಎಲುಬಿಗೂ ಹೋಗ್ತದೆ, ಬೇಗ ಸಡಿಲ ಆಗೋ ಸಾಧ್ಯತೆ ಜಾಸ್ತಿ. ಎಷ್ಟು ಬೇಕೋ ಅಷ್ಟೇ.

ಮಂಡಿಯೂರಿ ಹೊನ್ನಾವರ:
ಮಂಡಿಚಿಪ್ಪು ಬದಲಾಯಿಸೋದು ಅಂದ್ರೆ ಒಂದು ಚಿಪ್ಪು ತೆಗೆದು ಇನ್ನೊಂದು ಇಡೋದು ಅಂತ ತಿಳಿದಿದ್ದೆ ಇಷ್ಟು ದಿನ!

ಅಕ್ಕೋರು ಅಂಕೋಲಾ:
ಪೇಪರಿನವರೂ ಹಾಗೇ ಬರೀತಾರೆ, ಅದಕ್ಕೇ ಜನ ಹೆದರೋದು. ಚಿಪ್ಪು ಹೆಚ್ಚಾಗಿ ನಮ್ಮದೇ ಉಳೀತದೆ, ಬೇಕಿದ್ರೆ ಅದರ ಹಿಂಬದಿಗೆ ಒಂದು ಪ್ಲಾಸ್ಟಿಕ್ ಬಿಲ್ಲೆ ಕೂರಿಸ್ತಾರೆ ಅಷ್ಟೇ. ತೊಡೆ ಎಲುಬಿನ ತುದಿ, ಕಣಕಾಲಿನ ಎಲುಬಿನ ತಲೆ, ಇವೆರಡರ ಸವೆದ ಮೇಲ್ಮೈಯನ್ನ ಸುಮಾರು 8-10 ಮಿಲಿಮೀಟರ್ ಕತ್ತರಿಸಿ ಲೋಹದ ಟೊಪ್ಪಿ ಹಾಕ್ತಾರೆ, ನಡುವೆ ಗಟ್ಟಿ ಪ್ಲಾಸ್ಟಿಕ್. ನನ್ನದು ಎರಡೂ ಆಗಿದೆ, ಅದಕ್ಕೇ ಹೇಳ್ತಿದೇನೆ. 27 ವರ್ಷ ಶಾಲೆಯಲ್ಲಿ ನಿಂತು ಪಾಠ ಮಾಡಿದವಳು, ನನಗೆ ಇದ್ದದ್ದು ಸವೆತ ಅಲ್ಲ, ಮೈಯ ರೋಗನಿರೋಧಕ ಶಕ್ತಿಯೇ ಸಂದುಗಳನ್ನ ಕೆಡಿಸೋ ರುಮಟಾಯ್ಡ್ ವಾತ. ಬೆರಳು ಮೊದಲು ಸೊಟ್ಟ ಆಯ್ತು, ಆಮೇಲೆ ಮೊಣಕಾಲು ಎರಡೂ ಒಳಗೆ ಕೂಡಿ ನಡೆಯುವಾಗ ಒಂದಕ್ಕೊಂದು ತಾಗ್ತಿತ್ತು, ಸೀರೆಯ ಒಳಗೆ ಚರ್ಮ ಉಜ್ಜಿ ಗಾಯ.

ತೋಟದಮನೆಯವರೆ, ನಿಮ್ಮ ಆಯಿಗೆ ಕೈ ಬೆರಳಿನ ಸಂದುಗಳು ಬೆಳಿಗ್ಗೆ ಎದ್ದಾಗ ಬಿಗಿದುಕೊಳ್ತದಾ, ಊತ ಇದ್ಯಾ? ಕೇಳಿ ನೋಡಿ. ಎಡಗಾಲು ಒಳಗೆ ವಾಲಿದೆ ಅಂದದ್ದಕ್ಕೆ ಕೇಳ್ತಿದೇನೆ. ವಾತ ಇದ್ರೆ ಆಪರೇಷನ್ನಿಗೆ ಮೊದಲು ಅದನ್ನ ಹತೋಟಿಗೆ ತರಬೇಕು, ಯಾವ ಗುಳಿಗೆ ಮುಂದುವರಿಸೋದು ಯಾವುದು ನಿಲ್ಲಿಸೋದು ಅಂತ ವಾತದ ಡಾಕ್ಟ್ರೂ ಆಪರೇಷನ್ ಡಾಕ್ಟ್ರೂ ಮಾತಾಡಿಕೊಳ್ಬೇಕು. ನನ್ನ ಕುತ್ತಿಗೆಯದ್ದೂ ಎಕ್ಸ್‌ರೇ ತೆಗೆಸಿದ್ರು. ಕಾಲಿನ ಆಪರೇಷನ್ನಿಗೆ ಕುತ್ತಿಗೆ ಯಾಕೆ ಅಂತ ನಾನು ಜಗಳ ಮಾಡಿದೆ, ವಾತದವರಲ್ಲಿ ಕುತ್ತಿಗೆಯ ಮೇಲಿನ ಎಲುಬು ಸಡಿಲ ಇರಬಹುದು, ಅರವಳಿಕೆ ಕೊಡುವಾಗ ತಲೆ ಬಗ್ಗಿಸಿದ್ರೆ ಅಪಾಯ ಅಂತ ಅರವಳಿಕೆ ಡಾಕ್ಟ್ರು ಕೂತು ತಿಳಿಸಿದ್ರು.

ತೋಟದಮನೆ ಶಿರಸಿ:
ಅಕ್ಕೋರೆ, ಬೆರಳು ಸರಿ ಇದೆ. ರಕ್ತ ಪರೀಕ್ಷೆಯಲ್ಲೂ ವಾತ ಇಲ್ಲ ಅಂದಿದಾರೆ. ಆದ್ರೆ ಇಪ್ಪತ್ತು ವರ್ಷದ ಹಿಂದೆ ತೋಟದಲ್ಲಿ ಸಂಕದ ಮೇಲಿಂದ ಬಿದ್ದು ಎಡ ಮೊಣಕಾಲಿಗೆ ಪೆಟ್ಟಾಗಿತ್ತು, ಆಗ ಪ್ಲಾಸ್ಟರ್ ಹಾಕಿದ್ರು.

ಎಲುಬು ಕೀಲು:
ಇದನ್ನ ಇಬ್ರು ಡಾಕ್ಟ್ರಿಗೂ ಹೇಳಿದ್ರಾ? ಹಳೇ ಮುರಿತ ಸೊಟ್ಟ ಕೂಡಿದ್ರೆ ಲೆಕ್ಕವೇ ಬೇರೆ.

ತೋಟದಮನೆ ಶಿರಸಿ:
ಎರಡನೆಯವರು ಕೇಳಿದ್ರು. ಮೊದಲನೆಯವರು ಕೇಳಿಲ್ಲ, ನಾವೂ ಹೇಳಿಲ್ಲ.

ಯಲ್ಲಾಪುರ ಹುಡುಗ:
ಮೊದಲೇ ಹೇಳಿದೆ ನಾನು.

ಭಟ್ಕಳ ಬಂದರು:
ಒಂದೇ ದಿನ ಎರಡೂ ಅಂದಿದ್ದಕ್ಕೆ ಹುಬ್ಬಳ್ಳಿಯವರನ್ನ ತಪ್ಪು ಅಂತ ಯಾಕೆ ಹೇಳ್ತೀರಿ? ನಮ್ಮ ತಂದೆಗೆ 64ರಲ್ಲಿ ಎರಡೂ ಒಂದೇ ದಿನ ಆಯ್ತು, ಒಂದೇ ಅರವಳಿಕೆ, ಒಂದೇ ಸಲ ಆಸ್ಪತ್ರೆ, ಒಂದೇ ಸಲ ನೋವು. ಎರಡು ಸಲ ಮಾಡಿಸೋರು ಎಷ್ಟೋ ಜನ ಮೊದಲನೇದರ ನೋವಿಗೆ ಹೆದರಿ ಎರಡನೇದಕ್ಕೆ ಹೋಗೋದೇ ಇಲ್ಲ, ಒಂದು ನೆಟ್ಟಗೆ ಒಂದು ಸೊಟ್ಟ ಇಟ್ಟುಕೊಂಡು ಓಡಾಡ್ತಾರೆ. ಇದಕ್ಕೆಂತ ಹೇಳ್ತೀರಿ?

ಎಲುಬು ಕೀಲು:
ನೀವು ಹೇಳಿದ್ದರಲ್ಲಿ ತಪ್ಪಿಲ್ಲ, ಹೃದಯ ಶ್ವಾಸಕೋಶ ಗಟ್ಟಿ ಇದ್ದವರಿಗೆ ಒಂದೇ ದಿನ ಮಾಡ್ತಾರೆ. ಆದ್ರೆ ರಕ್ತ ಹೋಗೋದು ಜಾಸ್ತಿ, ದೇಹದ ಮೇಲೆ ಹೊರೆ ಜಾಸ್ತಿ, ವಯಸ್ಸು, ಬಿಪಿ, ಸಕ್ಕರೆ, ಎಕೋ (ಹೃದಯದ ಸ್ಕ್ಯಾನ್) ಎಲ್ಲ ನೋಡಬೇಕು. ವಾಜಪೇಯಿಯವರದ್ದೇ ನೆನಪಿಸಿಕೊಳ್ಳಿ, ಪ್ರಧಾನಿ ಆಗಿದ್ದಾಗ ಮುಂಬೈನ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಎಡಗಾಲು 2000ದ ಅಕ್ಟೋಬರಿನಲ್ಲಿ, ಬಲಗಾಲು 2001ರ ಜೂನಿನಲ್ಲಿ. ಡಾ. ಚಿತ್ತರಂಜನ್ ರಾಣಾವತ್ ಮಾಡಿದ್ದು.

ಈ ಕೇಸಿನಲ್ಲಿ ಎಡಗಾಲು ಜಟಿಲ. ಒಂದು ಕಾಲಿಗೇ ಎರಡೂವರೆ ಮೂರು ಗಂಟೆ ಹಿಡಿದ್ರೆ ಅದರ ಮೇಲೆ ಇನ್ನೊಂದು ಹಿಡಿಯೋದು ಬೇಡ ಅಂತ ಎರಡನೆಯವರು ಲೆಕ್ಕ ಹಾಕಿರಬೇಕು.

ಸಿದ್ದಾಪುರ ಸೀಮೆ:
ಪ್ರಧಾನಿಗೆ ಮುಂಬೈ ಇದೆ. ನಮಗೆಂತ ಇದೆ? ಈ ಜಿಲ್ಲೆಯಲ್ಲಿ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಇಲ್ಲ.

ಸದಾಶಿವಗಡ:
ಅದು ಮಾತು ಹೌದು. 2022ರ ಜುಲೈಯಲ್ಲಿ ಹೊನ್ನಾವರದಿಂದ ಉಡುಪಿಗೆ ಹೋಗ್ತಿದ್ದ ಆಂಬುಲೆನ್ಸ್ ಶಿರೂರು ಟೋಲಿನಲ್ಲಿ ಪಲ್ಟಿ ಆಗಿ ನಾಲ್ಕು ಜನ ಹೋದ್ರಲ್ಲ, ಆಗ ಆಸ್ಪತ್ರೆ ಕೊಡಿ ಇಲ್ಲಾ ಓಟಿಲ್ಲ ಅಂತ ಇಡೀ ಜಿಲ್ಲೆ ಎದ್ದಿತ್ತು. ನಾವು ಕಾರವಾರದವರು ಹಿಂದೆಲ್ಲ ಗೋವಾ ಬಾಂಬೋಳಿಯ ಸರ್ಕಾರಿ ಆಸ್ಪತ್ರೆಗೆ ಹೋಗ್ತಿದ್ವಿ, 2018ರಿಂದ ಅಲ್ಲೂ ಹೊರಗಿನವರಿಗೆ ಶುಲ್ಕ ಶುರು ಮಾಡಿದ್ರು. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಬಂದಿದ್ದು ಸಂತೋಷ, ಅಲ್ಲಿನ ಎಲುಬಿನ ವಿಭಾಗದಲ್ಲಿ ನನ್ನ ಅಣ್ಣನ ಮಗನ ಕೈ ಮುರಿತ ಚಂದ ಮಾಡಿಕೊಟ್ಟಿದಾರೆ. ಆದ್ರೆ ಇಂಥ ದೊಡ್ಡ ಕೇಸು ಬಂದ್ರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಂತ ಓಡೋದು ತಪ್ಪಿಲ್ಲ. ಆಪರೇಷನ್ ಒಂದು ದಿನದ್ದು, ಆಮೇಲೆ ತೋರಿಸೋಕೆ ಹೋಗೋದು ಬರೋದು ವರ್ಷದ್ದು. ಗಂಟು ಹಿಡ್ಕೊಂಡು ದೇವಿಮನೆ ಘಟ್ಟ ಇಳಿಯೋ ಮುದುಕಿಯ ಪಾಡು ಬೆಂಗಳೂರಿನಲ್ಲಿ ಕೂತವರಿಗೆ ಅರ್ಥ ಆಗೋದಿಲ್ಲ.

ಅಘನಾಶಿನಿ ದಡ:
ಮಳೆಗಾಲದಲ್ಲಿ ಡೇಟ್ ಇಟ್ಟುಕೊಳ್ಬೇಡಿ ಅಂತ ಅದಕ್ಕೇ ಹೇಳೋದು. ಘಟ್ಟದಲ್ಲಿ ಗುಡ್ಡ ಜರಿದು ರಸ್ತೆ ಬಂದಾದ್ರೆ ಹೊಲಿಗೆ ತೆಗೆಸೋದಕ್ಕೂ ಸುತ್ತು ಹಾಕಿ ಹೋಗಬೇಕು. ಕಾರಿನಲ್ಲಿ ಗಂಟೆಗೊಮ್ಮೆ ಇಳಿಸಿ ನಾಲ್ಕು ಹೆಜ್ಜೆ ನಡೆಸಿ, ರಕ್ತ ಹೆಪ್ಪುಗಟ್ಟದ ಹಾಗೆ ಗುಳಿಗೆ ಕೊಟ್ಟಿರ್ತಾರೆ, ಅದನ್ನ ಒಂದು ದಿನವೂ ತಪ್ಪಿಸಬೇಡಿ.

ಮಂಡಿಯೂರಿ ಹೊನ್ನಾವರ:
ವಿಷಯ ಸ್ವಲ್ಪ ಆಚೆ ಹೋಗ್ತದೆ, ಕ್ಷಮಿಸಿ. ನಾನು ಇಪ್ಪತ್ತೆರಡು ವರ್ಷ ಯಕ್ಷಗಾನ ಮೇಳದಲ್ಲಿದ್ದವನು. ಬಡಗುತಿಟ್ಟಿನಲ್ಲಿ ಪುಂಡುವೇಷದವರು ಮಂಡಿಯೂರಿ ಚಕ್ರದ ಹಾಗೆ ತಿರುಗೋದು ನೀವೆಲ್ಲ ನೋಡಿರ್ತೀರಿ. ಜನ ಚಪ್ಪಾಳೆ ಹೊಡೀತಾರೆ ಅಂತ ಒಂದೊಂದು ರಾತ್ರಿ ಐವತ್ತು ಅರವತ್ತು ಸುತ್ತು ಹಾಕಿದ್ದೂ ಇದೆ, ಕೆಳಗೆ ಗಟ್ಟಿ ಹಲಗೆ. ಈಗ 49ಕ್ಕೆ ಬಲಗಾಲು ಬಿಲ್ಲಾಗ್ತಾ ಬಂದಿದೆ. ಇಷ್ಟು ಬೇಗ ಗಂಟು ಬದಲಾಯಿಸಬೇಡಿ ಅಂತಾರೆ. ಬೇರೆ ದಾರಿ ಇದ್ಯಾ?

ಎಲುಬು ಕೀಲು:
ಇದೆ. ಒಂದೇ ಬದಿ ಸವೆದು ಲಿಗಮೆಂಟ್ ಚೆನ್ನಾಗಿದ್ರೆ ಮೊಣಕಾಲಿನ ಕೆಳಗಿನ ಎಲುಬನ್ನ ಕೊಯ್ದು ಕೋನ ಸರಿ ಮಾಡಿ ಪ್ಲೇಟ್ ಹಾಕೋ ಆಪರೇಷನ್ ಇದೆ, ಆಸ್ಟಿಯೋಟಮಿ ಅಂತಾರೆ. ಭಾರ ಸವೆದ ಬದಿಯಿಂದ ಒಳ್ಳೇ ಬದಿಗೆ ಹೋಗ್ತದೆ. ಗಂಟು ನಿಮ್ಮದೇ ಉಳೀತದೆ. ಕಾಯ್ತಾ ಕೂತ್ರೆ ಆ ಅವಕಾಶ ಹೋಗ್ತದೆ, ಬೇಗ ತೋರಿಸಿ. ಮಂಡಿಯೂರಿ ತಿರುಗೋದನ್ನ ಮಾತ್ರ ದಯವಿಟ್ಟು ಇವತ್ತೇ ನಿಲ್ಲಿಸಿ.

ಅಕ್ಕೋರು ಅಂಕೋಲಾ:
ಕಲಾವಿದರದ್ದು ಹಾಗೆ, ನಮ್ಮ ಅಂಕೋಲಾ ಕಡೆ ತರಕಾರಿ ಬುಟ್ಟಿ, ಮೀನು ಬುಟ್ಟಿ ತಲೆ ಮೇಲೆ ಹೊತ್ತು ನಡೆಯೋ ಹೆಂಗಸರದ್ದೂ ಹಾಗೇ. ಗದ್ದೆ ನೆಟ್ಟಿ ಹೆಂಗಸರ ಕಾಲು ನೋಡಿ, ಐವತ್ತಕ್ಕೇ ಬಿಲ್ಲು. ಇವರಿಗೆಲ್ಲ ಯಾರೂ ಎಕ್ಸ್‌ರೇ ತೆಗೆಸಿಕೊಂಡು ಬಾ ಅಂತ ಹೇಳೋದಿಲ್ಲ, ವಯಸ್ಸಾಯ್ತು ಅಂತಾರೆ. ನನಗೆ ಬಹಳ ಸಂಕಟ ಆಗ್ತದೆ ಇದನ್ನ ನೋಡಿ.

ಸಿದ್ದಾಪುರ ಸೀಮೆ:
ನಮ್ಮ ಪಕ್ಕದ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲೂ ಕಾಲು ಸೊಟ್ಟ ಆಗ್ತಿತ್ತಲ್ಲ, ಇದೂ ಅದೇ ಇರಬಹುದಾ?

ಎಲುಬು ಕೀಲು:
ಇಲ್ಲ, ಅದು ವಂಶದಲ್ಲಿ ಬರೋ ಕಾಯಿಲೆ, ಕೆಲವೇ ಕುಟುಂಬಗಳಲ್ಲಿ. 1970ರ ದಶಕದಲ್ಲಿ ಬೆಳಕಿಗೆ ಬಂದದ್ದು, ಸೊಂಟದ ಕೀಲಿನಿಂದ ಹಿಡಿದು ಮೊಣಕಾಲಿನವರೆಗೆ ಚಿಕ್ಕ ವಯಸ್ಸಿಗೇ ಕೆಡ್ತದೆ. 60 ದಾಟಿದ ಮೇಲೆ ಸವೆದು ಬಾಗೋದು ಬೇರೆ.

ಸದಾಶಿವಗಡ:
ರೋಬೋಟ್ ಇರೋ ಆಸ್ಪತ್ರೆಗೇ ಹೋಗಿ ಅಂತ ನನ್ನ ಸಲಹೆ. ಸೊಟ್ಟ ಕಾಲಿಗೆ ಅದೇ ಕರೆಕ್ಟು, ಕೂದಲೆಳೆ ವ್ಯತ್ಯಾಸ ಬರೋದಿಲ್ಲ ಅಂತ ಜಾಹೀರಾತು ನೋಡಿದೆ.

ಎಲುಬು ಕೀಲು:
ರೋಬೋಟ್ ತಾನೇ ಆಪರೇಷನ್ ಮಾಡೋದಿಲ್ಲ, ಡಾಕ್ಟ್ರ ಕೈಗೆ ಅಳತೆ ತೋರಿಸ್ತದೆ, ಎಲುಬು ಕತ್ತರಿಸೋ ಕೋನ ತಪ್ಪದ ಹಾಗೆ ತಡೀತದೆ. ಅದು ಒಳ್ಳೇದೇ. ಆದ್ರೆ ಲಿಗಮೆಂಟ್ ಎಷ್ಟು ಬಿಡಿಸಬೇಕು ಅನ್ನೋ ತೀರ್ಮಾನ ಮನುಷ್ಯನದ್ದು. ಇಂಥ ಸೊಟ್ಟ ಕಾಲು ವರ್ಷಕ್ಕೆ ಎಷ್ಟು ಮಾಡ್ತೀರಿ ಅಂತ ಡಾಕ್ಟ್ರನ್ನೇ ನೇರ ಕೇಳಿ. ಮೆಷಿನ್ ಇದ್ಯಾ ಅನ್ನೋದಕ್ಕಿಂತ ಆ ಪ್ರಶ್ನೆ ದೊಡ್ಡದು.

ಅಘನಾಶಿನಿ ದಡ:
ಇನ್ನೊಂದು ಕೇಳಬೇಕಾದ್ದು: ಉದ್ದ ಎಕ್ಸ್‌ರೇ ತೆಗೆಸಿದ್ದಾರಾ? ಸೊಂಟದಿಂದ ಪಾದದವರೆಗೆ, ನಿಲ್ಲಿಸಿ ತೆಗೆಯೋದು. ನಮ್ಮ ಅತ್ತೆಗೆ ಮೊದಲ ಆಸ್ಪತ್ರೆಯಲ್ಲಿ ಮಲಗಿಸಿ ಬರೀ ಮೊಣಕಾಲಿನದ್ದು ತೆಗೆದಿದ್ರು. ನಿಂತಾಗಲೇ ಅಲ್ವಾ ಕಾಲು ಎಷ್ಟು ವಾಲ್ತದೆ ಅಂತ ಕಾಣೋದು? ನಿಲ್ಲಿಸಿ ತೆಗೆದದ್ದರಲ್ಲಿ ಸೊಂಟದ ಗುಂಡಿನಿಂದ ಪಾದದ ಗಂಟಿಗೆ ಗೆರೆ ಎಳೆದು ತೋರಿಸಿದ್ರು, ಆ ಗೆರೆ ಮೊಣಕಾಲಿನ ನಡುವೆ ಹೋಗಬೇಕಿತ್ತು, ಅತ್ತೆಯದ್ದು ಮೊಣಕಾಲನ್ನೇ ಬಿಟ್ಟು ಹೊರಗೆ ಹೋಗಿತ್ತು. ಅವತ್ತು ನನಗೆ ಅರ್ಥ ಆಯ್ತು ಇದು ಬರೀ ನೋವಿನ ವಿಷಯ ಅಲ್ಲ ಅಂತ.

ಮತ್ತೊಂದು, ಒಳಗೆ ವಾಲಿದ ಕಾಲನ್ನ ನೆಟ್ಟಗೆ ಮಾಡಿದಾಗ ಹೊರಬದಿಯ ನರ ಎಳೆದುಕೊಳ್ಳೋ ಅಪಾಯ ಇರ್ತದಂತೆ, ಅದರಲ್ಲೂ ಕಾಲು ಮಡಚಿಕೊಂಡೇ ಇದ್ದವರಿಗೆ. ಅತ್ತೆಗೆ ಅರವಳಿಕೆ ಇಳಿದ ಕೂಡ್ಲೇ ಹೆಬ್ಬೆರಳು ಮೇಲೆತ್ತಿ ಅಂದ್ರು, ಎತ್ತೋಕಾಗ್ಲಿಲ್ಲ. ನಮಗೆ ಜೀವ ಹೋದ ಹಾಗಾಯ್ತು. ತಕ್ಷಣ ಪಟ್ಟಿ ಸಡಿಲ ಮಾಡಿ ಮೊಣಕಾಲು ಸ್ವಲ್ಪ ಮಡಚಿ ಇಟ್ರು, ಪಾದ ಕೆಳಗೆ ಬೀಳದ ಹಾಗೆ ಒಂದು ಸ್ಪ್ಲಿಂಟ್ ಹಾಕಿದ್ರು. ಪೂರ್ತಿ ಬರೋಕೆ ನಾಲ್ಕು ತಿಂಗಳು ಹಿಡೀತು, ಆದ್ರೆ ಬಂತು. ಆಪರೇಷನ್ನಿಗೆ ಮೊದಲೇ ಈ ಮಾತನ್ನ ನಿಮಗೆ ಹೇಳದ ಡಾಕ್ಟ್ರು ಇದ್ರೆ ನೀವೇ ಕೇಳಿ.

ತೋಟದಮನೆ ಶಿರಸಿ:
ಇದು ಓದಿ ಹೆದರಿಕೆ ಆಯ್ತು, ಆದ್ರೆ ಹೇಳಿದ್ದಕ್ಕೆ ಉಪಕಾರ ಅಕ್ಕ. ಖರ್ಚಿನ ಬಗ್ಗೆ ಯಾರಾದ್ರೂ ಹೇಳ್ತೀರಾ? ನಮ್ಮದು ಎಪಿಎಲ್ ಕಾರ್ಡು.

ಭಟ್ಕಳ ಬಂದರು:
ಇಂಪ್ಲಾಂಟಿನ ಬೆಲೆಗೆ 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಮಿತಿ ಹಾಕಿದೆ. ಅದಕ್ಕೆ ಮೊದಲು ಮಾಮೂಲಿ ಕೋಬಾಲ್ಟ್ ಕ್ರೋಮಿಯಂ ಇಂಪ್ಲಾಂಟಿಗೇ ಸರಾಸರಿ ಒಂದೂವರೆ ಲಕ್ಷದ ಮೇಲೆ ತಗೋತಿದ್ರು, ಮಿತಿ ಹಾಕಿದಾಗ ಅದು 54,720 ರೂಪಾಯಿ ಆಯ್ತು, ಮೇಲೆ ಜಿಎಸ್‌ಟಿ. ಟೈಟಾನಿಯಂ ಥರದ್ದು 76,600. ಎರಡನೇ ಸಲ ಮಾಡೋ ರಿವಿಷನ್ನಿನದ್ದು 1,13,950. ಆಮೇಲೆ ಪರಿಷ್ಕರಣೆ ಆಗಿದೆ, ಈಗಿನ ದರ ಕೇಳಿಕೊಳ್ಳಿ. ಬಿಲ್ಲಿನಲ್ಲಿ ಇಂಪ್ಲಾಂಟಿನ ಕಂಪನಿ ಹೆಸರು, ಬ್ಯಾಚ್ ನಂಬರ್ ಸಮೇತ ಬೇರೆ ಬರೆದು ಕೊಡಲೇಬೇಕು, ಸ್ಟಿಕ್ಕರ್ ಜೋಪಾನ ಇಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ. ನಾವು ಕೇಳಿದ ಮೇಲೆ ಒಂದು ಆಸ್ಪತ್ರೆಯವರು ಬಿಲ್ಲನ್ನ ಹನ್ನೆರಡು ಸಾವಿರ ಇಳಿಸಿದ್ರು! ಹೆಸರು ಹೇಳೋದಿಲ್ಲ.

ಯಲ್ಲಾಪುರ ಹುಡುಗ:
ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್‌ನವರಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಪರ್ಸೆಂಟ್, ಮೇಲ್ಮಿತಿ ಒಂದೂವರೆ ಲಕ್ಷ. ಆದ್ರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಅಡ್ಮಿಟ್ ಆದ ಮೇಲೆ ಓಡಾಡಿದ್ರೆ ಆಗೋದಿಲ್ಲ, ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆ ನೋಡಿಕೊಳ್ಳೋ ಆರೋಗ್ಯ ಮಿತ್ರರನ್ನ ಕಂಡು ಕಾಗದ ಮಾಡಿಸಿ. ಸೊಸೈಟಿ ಸದಸ್ಯರಾಗಿದ್ರೆ ಸಹಕಾರಿ ಸಂಘದವರ ಆರೋಗ್ಯ ಯೋಜನೆ ಯಶಸ್ವಿನಿಯನ್ನೂ ವಿಚಾರಿಸಿ.

ಕುಮಟಾ ಫಿಸಿಯೋ:
ತಡವಾಗಿ ಬಂದೆ. ಎಲ್ಲರೂ ಆಪರೇಷನ್ ಬಗ್ಗೆ ಹೇಳಿದ್ರಿ, ನಾನು ಆಮೇಲಿನ ಮೂರು ತಿಂಗಳ ಬಗ್ಗೆ ಹೇಳ್ತೇನೆ. ನನ್ನ ಹತ್ರ ಬರೋರಲ್ಲಿ ಚೆನ್ನಾಗಿ ಆಪರೇಷನ್ ಆಗಿ ಆಮೇಲೆ ಹಾಳು ಮಾಡಿಕೊಂಡವರು ಇದಾರೆ, ಅದನ್ನ ನೋಡಿದ್ರೆ ಹೊಟ್ಟೆ ಉರೀತದೆ.

ದೊಡ್ಡ ತಪ್ಪು ತಲೆದಿಂಬಿನದ್ದು. ನೋವು ಕಮ್ಮಿ ಆಗ್ತದೆ ಅಂತ ಮೊಣಕಾಲಿನ ಅಡಿಗೆ ದಿಂಬು ಇಡ್ತಾರೆ. ಮಗಳು ಇಡ್ತಾಳೆ, ಸೊಸೆ ಇಡ್ತಾಳೆ, ಪ್ರೀತಿಯಿಂದಲೇ ಇಡೋದು. ಹದಿನೈದು ದಿನದಲ್ಲಿ ಕಾಲು ಮಡಚಿದ ಹಾಗೇ ಬಿಗೀತದೆ. ನಿಮ್ಮ ಆಯಿಗೆ ಮೊದಲೇ ನೆಟ್ಟಗಾಗದ ಕಾಲು, ಡಾಕ್ಟ್ರು ಒಳಗೆ ಕಷ್ಟಪಟ್ಟು ನೆಟ್ಟಗೆ ಮಾಡಿದ್ದನ್ನ ಒಂದು ದಿಂಬು ವಾಪಸ್ ತರ್ತದೆ. ದಿಂಬಿನ ಬದಲು ಹಿಮ್ಮಡಿಯ ಅಡಿಗೆ ಟವೆಲ್ ಸುರುಳಿ ಇಡಿ, ಮೊಣಕಾಲು ತಾನೇ ಕೆಳಗೆ ಇಳೀಲಿ. ಮೊದಲ ದಿನಗಳಲ್ಲಿ ನರದ ಸಲುವಾಗಿ ಮಡಚಿ ಇಡೋಕೆ ಡಾಕ್ಟ್ರೇ ಹೇಳಿದ್ರೆ ಆ ಮಾತು ಬೇರೆ, ಆಗ ಅವರು ಹೇಳಿದ್ದೇ ನಡೀಲಿ.

ಈಗಿಂದಲೇ ತೊಡೆಗೆ ವ್ಯಾಯಾಮ ಶುರು ಮಾಡಿಸಿ. ಮಲಗಿಸಿ ಮೊಣಕಾಲಿನ ಅಡಿ ಟವೆಲ್ ಇಟ್ಟು ಕೆಳಗೆ ಒತ್ತೋದು, ಐದು ಎಣಿಸಿ ಬಿಡೋದು, ಟವೆಲ್ ಆಮೇಲೆ ತೆಗೆಯೋದು. ದಿನಕ್ಕೆ ಮೂರು ಹೊತ್ತು. ಆಪರೇಷನ್ ಆದ ದಿನ ಅಥವಾ ಮರುದಿನವೇ ನಿಲ್ಲಿಸ್ತಾರೆ, ತೊಡೆಯಲ್ಲಿ ಶಕ್ತಿ ಇದ್ದವರು ನಿಲ್ತಾರೆ. ಹೊಲಿಗೆ ಅಥವಾ ಪಿನ್ನು ಎರಡು ವಾರಕ್ಕೆ ತೆಗೀತಾರೆ, ಆ ಹೊತ್ತಿಗೆ 90 ಡಿಗ್ರಿ ಮಡಚೋಕೆ ಬಂದ್ರೆ ಒಳ್ಳೇದು. ನೆಲದ ಮೇಲೆ ಕೂರೋದು, ಕುಕ್ಕರಗಾಲು, ಕೆಳಗಿನ ಪಾಯಿಖಾನೆ ಇವು ಬಿಡಬೇಕು. ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿಯೋದಂತೂ ಇಲ್ಲ.

ಇನ್ನು ನಿಮ್ಮ ಮೂವತ್ತೆರಡು ಮೆಟ್ಟಿಲು. ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಒಂದು ಬದಿಗೆ ಹಿಡಿಯೋಕೆ ಕಂಬಿ ಹಾಕಿಸಿ, ಹಾವಸೆ ಕೆರೆದು ತೆಗೆಸಿ.

ಅಕ್ಕೋರು ಅಂಕೋಲಾ:
ದಿಂಬಿನ ಮಾತು ನೂರಕ್ಕೆ ನೂರು. ನನ್ನ ತಂಗಿ ಇಟ್ಟಿದ್ಲು, ನರ್ಸ್ ಬಂದು ಎಳೆದು ಬಿಸಾಕಿದ್ರು. ಅವರ ಮೇಲೆ ಸಿಟ್ಟು ಬಂದಿತ್ತು ಆಗ, ಈಗ ನೆನೆದು ಕೈ ಮುಗೀತೇನೆ. ಮತ್ತೆ ಒಂದು ಕಾಲು ಮಾತ್ರ ಆದಾಗ ಆ ಕಾಲು ನೆಟ್ಟಗಾಗಿ ಉದ್ದ ಅನ್ನಿಸ್ತದೆ, ಇನ್ನೊಂದು ಸೊಟ್ಟ ಇರೋದರಿಂದ ಗಿಡ್ಡ. ನಾನು ಏನೋ ತಪ್ಪಾಗಿದೆ ಅಂತ ಅತ್ತುಬಿಟ್ಟಿದ್ದೆ. ಗಿಡ್ಡ ಕಾಲಿನ ಚಪ್ಪಲಿಗೆ ಅಟ್ಟೆ ದಪ್ಪ ಮಾಡಿಸಿದ್ರು, ಎರಡನೇದು ಆದ ಮೇಲೆ ಸಮ ಆಯ್ತು.

ಸಿದ್ದಾಪುರ ಸೀಮೆ:
ಇಷ್ಟೆಲ್ಲ ಮಾಡಿ ಎಷ್ಟು ವರ್ಷ ಬರ್ತದೆ? ಹತ್ತು ವರ್ಷಕ್ಕೆ ಮತ್ತೆ ಕೊಯ್ಯೋದಾದ್ರೆ?

ಎಲುಬು ಕೀಲು:
2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ ಪೂರ್ತಿ ಗಂಟು ಬದಲಿಸಿದ್ದರಲ್ಲಿ ಸುಮಾರು 82 ಪರ್ಸೆಂಟ್ 25 ವರ್ಷ ಬಾಳಿಕೆ ಬಂದಿದೆ. ನಿಮ್ಮ ದೊಡ್ಡಮ್ಮ ನಡೀತಿದಾರೆ ಅಂದ್ರೆ ಅವರಿಗೆ ಆಪರೇಷನ್ ಬೇಡ, ನಾನೂ ಬೇಡ ಅಂತೇನೆ. ಎಕ್ಸ್‌ರೇ ಎಷ್ಟೇ ಕೆಟ್ಟದಿರಲಿ, ಮನುಷ್ಯ ಓಡಾಡ್ತಿದ್ರೆ ಅವಸರ ಇಲ್ಲ. ಇಲ್ಲಿ ಆಯಿ ಬಚ್ಚಲಿಗೆ ಹೋಗೋಕೆ ಗೋಡೆ ಹಿಡೀತಿದಾರೆ, ಕಾಲು ವರ್ಷದಿಂದ ವರ್ಷಕ್ಕೆ ವಾಲ್ತಿದೆ. ಸಕ್ಕರೆ ಹತೋಟಿ, ಹಲ್ಲಿನ ಹುಳುಕು, ಮೂತ್ರದ ಸೋಂಕು, ಕಾಲಿನ ಚರ್ಮದ ಗಾಯ ಇವೆಲ್ಲ ಮೊದಲೇ ಸರಿ ಮಾಡಿಸಿ. ಇಂಪ್ಲಾಂಟಿಗೆ ಸೋಂಕು ತಗುಲಿದ್ರೆ ಎಲ್ಲ ಬಿಚ್ಚಿ ಮತ್ತೆ ಮಾಡಬೇಕಾಗಬಹುದು.

ಸಿದ್ದಾಪುರ ಸೀಮೆ:
ಸರಿ. ಗೋಡೆ ಹಿಡಿಯೋ ಸ್ಥಿತಿ ಅಂದ್ರೆ ನಾನೂ ಬೇಡ ಅನ್ನೋದಿಲ್ಲ.

ತೋಟದಮನೆ ಶಿರಸಿ:
ಮೂರು ವಾರ ಆಯ್ತು, ಏನಾಯ್ತು ಅಂತ ಹೇಳ್ತೇನೆ. ಉದ್ದ ಎಕ್ಸ್‌ರೇ ತೆಗೆಸಿದ್ವಿ. ಎಡಗಾಲಿನ ಹಳೇ ಮುರಿತ ಕೂಡಿದ ಜಾಗದಲ್ಲೂ ಸ್ವಲ್ಪ ಸೊಟ್ಟ ಇದೆ ಅಂತ ಅದರಲ್ಲೇ ಕಂಡಿತು. ಅದೇ ಫಿಲ್ಮನ್ನ ಹುಬ್ಬಳ್ಳಿಯವರಿಗೂ ತೋರಿಸಿದೆ, ಅವರೂ ನೋಡಿ ಹಾಗಾದ್ರೆ ಒಂದೊಂದೇ ಮಾಡೋದು ಒಳ್ಳೇದು ಅಂದ್ರು, ಅದಕ್ಕೆ ಅವರ ಮೇಲೂ ನನಗೆ ಈಗ ಬೇಜಾರಿಲ್ಲ. ಉಡುಪಿ ಕಡೆಯವರ ಹತ್ರವೇ ಎಡಗಾಲು ಮೊದಲು ಅಂತ ನಿಶ್ಚಯ ಮಾಡಿದ್ವಿ, ನವರಾತ್ರಿ ಮುಗಿದ ಮೇಲೆ. ನರದ ವಿಷಯ ನಾನೇ ಕೇಳಿದೆ, ಅವರು ಹದಿನೈದು ನಿಮಿಷ ಕೂತು ವಿವರಿಸಿದ್ರು. ಆಯಿಯ ಒಂದೇ ಪ್ರಶ್ನೆ, ಈ ವರ್ಷ ಅಡಿಕೆ ಸುಲಿಯೋಕೆ ಆಳು ಎಲ್ಲಿಂದ ತರ್ತೀಯ ಅಂತ. ಟವೆಲ್ ಒತ್ತೋ ವ್ಯಾಯಾಮ ಮಾತ್ರ ಮೂರು ಹೊತ್ತು ತಪ್ಪದೆ ಮಾಡ್ತಿದಾಳೆ.

ಪಾಯಿಖಾನೆಗೆ ಕಮೋಡ್ ಕೂರಿಸೋ ಮೇಸ್ತ್ರಿ ದೀಪಾವಳಿ ನಂತರ ಬರ್ತೇನೆ ಅಂತಾನೆ. ಅಲ್ಲಿವರೆಗೆ ಕಮೋಡ್ ಕುರ್ಚಿ ಎಲ್ಲಾದ್ರೂ ಬಾಡಿಗೆಗೆ ಸಿಗ್ತದಾ?

ಅಘನಾಶಿನಿ ದಡ:
ಬಾಡಿಗೆ ಎಂತಕ್ಕೆ? ಅತ್ತೆಯದ್ದು ಕುರ್ಚಿ, ವಾಕರ್ ಎರಡೂ ಅಟ್ಟದ ಮೇಲಿದೆ. ತೊಳೆದು ಇಡ್ತೇನೆ, ಕುಮಟಾಕ್ಕೆ ಬಂದಾಗ ತಗೊಂಡು ಹೋಗಿ. ನಿಮ್ಮದಾದ ಮೇಲೆ ಬೇಕಾದವರಿಗೆ ಕೊಡಿ.

ಕುಮಟಾ ಫಿಸಿಯೋ:
ವಾಕರಿನ ಎತ್ತರ ಸರಿ ಮಾಡಿಕೊಳ್ಳಿ. ಆಯಿ ನಿಂತು ಕೈ ಇಳಿಬಿಟ್ಟಾಗ ಹಿಡಿಕೆ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಕಾಲಿನ ರಬ್ಬರ್ ಸವೆದಿದ್ರೆ ಹೊಸದು ಹಾಕಿಸಿ, ಕೆಂಪು ಸಿಮೆಂಟಿನ ನೆಲದ ಮೇಲೆ ಜಾರ್ತದೆ.

ತೋಟದಮನೆ ಶಿರಸಿ:
ಅಕ್ಕ, ಶನಿವಾರ ಬೆಳಿಗ್ಗೆ ಬಸ್ಸಿಗೆ ಹೊರಡ್ತೇನೆ. ಆಯಿ ನಿಮಗೆ ಒಂದು ಡಬ್ಬಿ ಅಪ್ಪೆಮಿಡಿ ಉಪ್ಪಿನಕಾಯಿ ಕೊಡ್ತಾಳಂತೆ, ಬೇಡ ಅನ್ನಬೇಡಿ.